ಅಕ್ಕನ ಅಡುಗೆಗೆ ಮೂರೂವರೆ ನಕ್ಷತ್ರ

ಕೆಲಸದ ಮೇಲೆ ಪರಊರಿಗೆ ಬಂದು ಹಸಿದು ನಿಂತವರಿಗೆ ದಾರಿ ತೋರಿಸುವವರೂ, ಊರೂರ ಹೋಟೆಲುಗಳ ಹಣೆಬರಹ ಬರೆಯುವವರೂ, ಸದ್ಯ ನನ್ನ ಫೋನಿನ ಪರದೆಯ ಎರಡನೇ ಸಾಲಿನ ಮೂರನೇ ಚೌಕದಲ್ಲಿ ವಾಸವಾಗಿರುವವರೂ ಆದ ನಕ್ಷತ್ರದ ಆಪ್ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಈಗಷ್ಟೇ ತಾವು ‘ಟಿನ್’ ಎಂದು ಸದ್ದು ಮಾಡಿ, ಹತ್ತಿರದಲ್ಲೇ ಒಳ್ಳೆಯ ಊಟ ಸಿಗುತ್ತದೆಂದು ನನಗೆ ಆಸೆ ತೋರಿಸಿದಿರಿ. ನಾನೂ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ, ಎಡಗೈಗೆ ಸಲೈನ್ ಹಾಕಿಸಿಕೊಂಡು, ಬಲಗೈಯಲ್ಲಿ ಈ ಪತ್ರ ಬರೆಯುವಷ್ಟರ ಮಟ್ಟಿಗೆ ಕ್ಷೇಮವಾಗಿದ್ದೇನೆ. ನನ್ನನ್ನು ಇಲ್ಲಿಯವರೆಗೆ ಮುಟ್ಟಿಸಿದ ತಮ್ಮ ಉಪಕಾರವನ್ನು ನಾಲ್ಕು ಜನರ ಮುಂದೆ ಸ್ಮರಿಸದಿದ್ದರೆ ತಪ್ಪಾದೀತೆಂದು ಇದನ್ನು ಬಹಿರಂಗ ಪತ್ರವಾಗಿಯೇ ಬರೆಯುತ್ತಿದ್ದೇನೆ.

ತೂಕದ ಯಂತ್ರಗಳನ್ನು ಪರೀಕ್ಷಿಸಿ ಸರಿಯಿದೆಯೆಂದು ಮುದ್ರೆ ಹಾಕುವುದು ನನ್ನ ಉದ್ಯೋಗ. ತಿಂಗಳಲ್ಲಿ ಎರಡು ವಾರ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತುಕೊಂಡು ಒಂದಲ್ಲ ಒಂದು ನಗರಕ್ಕೆ ಹೋಗುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯುಂಟು: ಒಂದು ಸಲದ ತೂಕವನ್ನು ನಂಬುವಂತಿಲ್ಲ, ಅದೇ ಬಟ್ಟನ್ನು ಮೂರು ಸಲ ಇಟ್ಟು, ಮೂರು ಸಲ ತೆಗೆದು, ಮೂರೂ ಹೊಂದಿದರೆ ಮಾತ್ರ ಸಹಿ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ನನ್ನ ಸ್ವಭಾವವೂ ಹಾಗೇ ಆಗಿಬಿಟ್ಟಿದೆ. ಮನೆಗೆ ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಪ್ರೀತಿಯಿಂದ ಒಂದು ಮಾತು ಹೇಳಿದರೆ ಇನ್ನೆರಡು ಸಲ ಹೇಳಿಸುತ್ತಿದ್ದೆ. ಈಗ ಅವಳು ಮೊದಲನೆಯ ಸಲವೂ ಹೇಳುವುದಿಲ್ಲ.

ತಾವು ಅವತರಿಸುವ ಮೊದಲು ನನ್ನಂಥವನ ಪಾಡು ಹೇಗಿತ್ತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವಸತಿಗೃಹದ ಮೆಟ್ಟಿಲಿಳಿದು, ಬಾಗಿಲಲ್ಲಿ ಕೂತ ಕಾವಲುಗಾರನನ್ನು ‘ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?’ ಎಂದು ಕೇಳಿ, ಅವನು ಕೈ ತೋರಿಸಿದ ಕಡೆ ನಡೆದು, ಕೊಟ್ಟದ್ದನ್ನು ತಿಂದು, ಕೈ ತೊಳೆದು ಬಂದು ಮಲಗಿ ನಿದ್ದೆ ಮಾಡುತ್ತಿದ್ದ ಅನಾಗರಿಕ ನಾನು. ತಾವು ಬಂದು ನನ್ನ ಕಣ್ಣು ತೆರೆಸಿದಿರಿ. ಗಾಡಿ ನಿಲ್ಲಿಸಲು ಜಾಗವಿಲ್ಲದ್ದಕ್ಕೆ ಒಂದೇ ನಕ್ಷತ್ರ ಕೊಟ್ಟವರು, ಬಡಿಸುವವನ ನಗು ಚೆನ್ನಾಗಿದೆಯೆಂದು ಐದು ಕೊಟ್ಟವರು, ‘ನಾನಿನ್ನೂ ಅಲ್ಲಿಗೆ ಹೋಗಿಲ್ಲ, ಆದರೆ ಚೆನ್ನಾಗಿರಬಹುದು’ ಎಂದು ನಾಲ್ಕು ಕೊಟ್ಟವರು, ಇಂಥ ಮಹನೀಯರ ಅಭಿಪ್ರಾಯಗಳನ್ನೆಲ್ಲ ಬೀದಿಬದಿ ನಿಂತು ಒಂದೂ ಬಿಡದೆ ಓದಿದ್ದೇನೆ. ಓದಿ ಮುಗಿಯುವಷ್ಟರಲ್ಲಿ ಹೋಟೆಲು ಬಾಗಿಲು ಹಾಕಿರುತ್ತಿತ್ತು, ನಾನು ವಸತಿಗೃಹಕ್ಕೆ ಮರಳಿ ಬಿಸ್ಕತ್ತು ತಿನ್ನುತ್ತಿದ್ದೆ, ಅದು ಬೇರೆ ಮಾತು. ಒಮ್ಮೆ ತಮ್ಮ ಬಾಣದ ಗುರುತು ಹಿಡಿದು ಮುಕ್ಕಾಲು ಗಂಟೆ ನಡೆದು ಹೋದರೆ, ನಾಲ್ಕೂವರೆ ನಕ್ಷತ್ರದ ಆ ಹೋಟೆಲಿನ ಜಾಗದಲ್ಲಿ ಒಬ್ಬ ಹೆಲ್ಮೆಟ್ ಮಾರುತ್ತಿದ್ದ. ಹೆಲ್ಮೆಟ್ ಚೆನ್ನಾಗಿತ್ತು.

ಓದುವುದರಲ್ಲೇ ನಿಂತಿದ್ದರೆ ಬಚಾವಾಗುತ್ತಿದ್ದೆನೇನೋ. ತಾವು ನನ್ನನ್ನೂ ಬರೆಯಲು ಹಚ್ಚಿದಿರಿ. ‘ಸತ್ಯದ ನಾಲಿಗೆ’ ಎಂಬ ಹೆಸರಿಟ್ಟುಕೊಂಡು ಊರೂರಿನ ಊಟಕ್ಕೆ ಅಂಕ ಹಾಕತೊಡಗಿದೆ. ನೂರು ವಿಮರ್ಶೆ ಮುಗಿಸಿದವರಿಗೆ ತಾವು ‘ಸುವರ್ಣ ವಿಮರ್ಶಕ’ ಎಂಬ ಬಿರುದು ದಯಪಾಲಿಸುತ್ತೀರೆಂದು ತಿಳಿದ ಮೇಲಂತೂ ನನ್ನ ಕೈ ನಿಲ್ಲಲಿಲ್ಲ. ಕೊನೆಯ ಹತ್ತನ್ನು ಒಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಬಸ್ಸು ಬರುವುದರೊಳಗೆ ಬರೆದು ಮುಗಿಸಿದೆ. ಆ ಬಿರುದನ್ನು ಮನೆಯಲ್ಲಿ ತೋರಿಸಿದಾಗ ಹೆಂಡತಿ ‘ಇದನ್ನ ಎಲ್ಲಿ ನೇತು ಹಾಕೋದು?’ ಎಂದಷ್ಟೇ ಕೇಳಿದಳು.

ಮಾನ್ಯರೇ, ಈಗ ಅಸಲು ವಿಷಯಕ್ಕೆ ಬರುತ್ತೇನೆ. ನನಗೊಬ್ಬ ಅಕ್ಕ ಇದ್ದಾಳೆ. ಇದೇ ನಗರದಲ್ಲಿ, ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ, ಇನ್ನೂರು ರೋಗಿಗಳಿಗೆ ಪಥ್ಯದ ಊಟ ಮಾಡಿಸುವ ಮುಖ್ಯಸ್ಥೆ. ನನಗೆ ಆರು ವರ್ಷವಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅಂದಿನಿಂದ ನನ್ನ ತಟ್ಟೆಗೆ ಬಡಿಸಿದವಳು ಈ ಅಕ್ಕ, ಆಗ ಅವಳಿಗೆ ಹದಿಮೂರು. ನಾಲ್ಕು ವರ್ಷದ ಹಿಂದೆ ಅವಳ ಮಗಳ ಮದುವೆ ಮಾತುಕತೆಗೆ ಗಂಡಿನ ಕಡೆಯವರು ಬಂದಿದ್ದರು. ನಾನು ಸೋದರಮಾವನ ಗತ್ತಿನಲ್ಲಿ ನಡುವೆ ಕೂತಿದ್ದೆ. ಊಟವಾದ ಮೇಲೆ, ಬಿರುದು ಬಂದ ಹೊಸ ಹುರುಪಿನಲ್ಲಿ, ಎಲ್ಲರೂ ನಗಲಿ ಎಂದು, ‘ಅಕ್ಕಾ, ಐದಕ್ಕೆ ಮೂರೂವರೆ ಕೊಡ್ತೀನಿ, ಉಪ್ಪು ಒಂದು ಚೂರು ಮುಂದಿದೆ’ ಎಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪ್ರತಿ ಸಲ ನಾನು ಹೊರಡುವಾಗ ಡಬ್ಬಿ ಕಟ್ಟಿ ಕೈಗಿಡುತ್ತಿದ್ದವಳು ಅಂದು ಬರಿ ಬಾಗಿಲವರೆಗೆ ಬಂದಳು. ಆಮೇಲೆ ನಾಲ್ಕು ವರ್ಷ ಅವಳಾಗಿ ಒಂದು ಸಲವೂ ಫೋನ್ ಮಾಡಲಿಲ್ಲ. ಅಡುಗೆಯೇ ಬದುಕಾದವಳಿಗೆ ಬೀಗರ ಎದುರು ಅಂಕ ಹಾಕಿದ್ದೆ, ಮಾನ್ಯರೇ. ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಕಂಡುಹಿಡಿಯುವ ನನಗೆ ಇದು ತಿಳಿಯಲು ಒಂದು ವರ್ಷ ಹಿಡಿಯಿತು, ತಪ್ಪಾಯಿತೆನ್ನಲು ಧೈರ್ಯ ಬರಲು ಇನ್ನೂ ಮೂರು.

ಕಳೆದ ವಾರ ಇಲ್ಲಿಯ ಧಾನ್ಯದ ಮಂಡಿಯ ಯಂತ್ರಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಲ ಬರೆದು ಅಳಿಸಿ, ಕಡೆಗೆ ‘ಬರುತ್ತಿದ್ದೇನೆ, ನೋಡಬಹುದೇ’ ಎಂದು ಅಕ್ಕನಿಗೆ ಸಂದೇಶ ಕಳಿಸಿದೆ. ಅವಳೇ ಫೋನ್ ಮಾಡಿದಳು. ‘ಮನೆಗೆ ಬರಬೇಡ. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ್ದಾಯ್ತು. ಗುರುವಾರ ಮಧ್ಯಾಹ್ನ ಎರಡೂವರೆಗೆ ನನಗೆ ಬಿಡುವಿದೆ, ಎಲ್ಲಾದ್ರೂ ಒಳ್ಳೆ ಕಡೆ ಕರ್ಕೊಂಡು ಹೋಗಿ ಕೂರಿಸಿ ಊಟ ಹಾಕ್ಸು’ ಎಂದು ಇಟ್ಟುಬಿಟ್ಟಳು. ಜೀವಮಾನದಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ.

ತಮ್ಮ ಭಕ್ತನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಉಂಟೇ? ಭಾನುವಾರವಿಡೀ ತಮ್ಮ ಮುಂದೆ ಕೂತು, ಆಸ್ಪತ್ರೆಯ ಸುತ್ತಲಿನ ಅರವತ್ತೇಳು ಹೋಟೆಲುಗಳಲ್ಲಿ ಮೂರನ್ನು ಆರಿಸಿದೆ. ಒಂದರಲ್ಲಿ ಮೆತ್ತನೆ ಕುರ್ಚಿ, ಇನ್ನೊಂದರಲ್ಲಿ ಗದ್ದಲ ಕಡಿಮೆ. ಮೂರನೆಯದು ಬಸ್ ನಿಲ್ದಾಣದ ಎದುರಿನದು, ನಾಲ್ಕು ಪಾಯಿಂಟ್ ಎಂಟರದು. ಅದರ ಹೆಸರಿನ ಕೆಳಗೆ ‘ಸುವರ್ಣ ವಿಮರ್ಶಕರೊಬ್ಬರ ಅಭಿಪ್ರಾಯ’ ಎಂದು ತಾವು ಎರಡೇ ಸಾಲು ತೋರಿಸಿದ್ದಿರಿ: ‘ಇಲ್ಲಿ ಉಪ್ಪು, ಹುಳಿ, ಖಾರ ಎಲ್ಲವೂ ತಕ್ಕಡಿಯಲ್ಲಿ ತೂಗಿ ಹಾಕಿದಂತಿವೆ. ಕಣ್ಣು ಮುಚ್ಚಿ ಹೋಗಬಹುದು.’ ಯಾವ ಪುಣ್ಯಾತ್ಮನೋ, ಎಷ್ಟು ಅಳೆದು ತೂಗಿ ಬರೆದಿದ್ದಾನೆಂದು ತಲೆದೂಗಿದೆ. ಆದರೂ ಕಸುಬಿನ ನಿಯಮ ನಿಯಮವೇ. ಮೂರು ಹೋಟೆಲು, ತಲಾ ಮೂರು ಸಲ, ಒಟ್ಟು ಒಂಬತ್ತು ಊಟ. ಸೋಮವಾರದಿಂದ ಬುಧವಾರದವರೆಗೆ ಹನ್ನೆರಡಕ್ಕೊಂದು, ಮೂರೂವರೆಗೊಂದು, ಏಳಕ್ಕೊಂದು. ಪ್ರತಿ ಸಲವೂ ಅನ್ನ, ಸೂಪು, ಮೀನು, ಕೊನೆಗೊಂದು ಸಿಹಿ, ಪಕ್ಕದಲ್ಲಿ ನನ್ನ ಟಿಪ್ಪಣಿ ಪುಸ್ತಕ. ಎರಡನೇ ದಿನ ಬಡಿಸುವವರು ನನ್ನನ್ನು ಆರೋಗ್ಯ ಇಲಾಖೆಯವನೆಂದು ತಿಳಿದು ಮೇಜನ್ನು ಎರಡೆರಡು ಸಲ ಒರೆಸಿದರು. ಮೂರನೇ ದಿನ ನನಗೇ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಒಂಬತ್ತನೇ ಊಟ ಆ ನಾಲ್ಕು ಪಾಯಿಂಟ್ ಎಂಟರಲ್ಲಿ. ಮೀನಿಗೆ ಸ್ವಲ್ಪ ವಾಸನೆಯಿತ್ತು. ತಮ್ಮ ಸುವರ್ಣ ವಿಮರ್ಶಕನಿಗಿಂತ ನನ್ನ ಮೂಗು ದೊಡ್ಡದೇ ಎಂದುಕೊಂಡು ಪೂರ್ತಿ ತಿಂದೆ.

ಗುರುವಾರ ಬೆಳಿಗ್ಗೆ ಮಂಡಿಯಲ್ಲಿ, ಮೂಟೆ ತೂಗುವ ದೊಡ್ಡ ಯಂತ್ರಕ್ಕೆ ಬಟ್ಟು ಇಡಲು ಬಗ್ಗಿದವನು ಮೇಲೆ ಏಳಲೇ ಇಲ್ಲ, ಯಂತ್ರದ ಮೇಲೆಯೇ ಕುಸಿದೆ. ಮಂಡಿಯ ಗುಮಾಸ್ತ ಓಡಿ ಬಂದವನು ಮೊದಲು ನನ್ನ ಮುಖ ನೋಡಲಿಲ್ಲ, ಮುಳ್ಳು ನೋಡಿದ. ‘ಸಾರ್, ಸೋಮವಾರ ಇದೇ ಯಂತ್ರದ ಮೇಲೆ ನಿಂತಾಗ ಎಪ್ಪತ್ತೊಂದು ಇದ್ರಿ, ಈಗ ಎಪ್ಪತ್ತಮೂರೂವರೆ ತೋರಿಸ್ತಿದೆ, ಯಂತ್ರ ಕೆಟ್ಟಿದೆಯಾ?’ ಎಂದು ಕೇಳಿದ. ಹೊಟ್ಟೆ ಹಿಡಿದುಕೊಂಡೇ ‘ಇಲ್ಲ, ಯಂತ್ರ ಸರಿಯಾಗಿದೆ’ ಎಂದೆ. ನನ್ನ ವೃತ್ತಿಜೀವನದಲ್ಲಿ ಒಂದೇ ಸಲದ ತೂಕ ನೋಡಿ ಸರಿಯೆಂದದ್ದು ಅದೇ ಮೊದಲು. ಮಂಡಿಯವರು ಹತ್ತಿರದ ಆಸ್ಪತ್ರೆಗೆ ಸಾಗಿಸಿದರು. ಎಷ್ಟು ನಕ್ಷತ್ರದ್ದೆಂದು ಕೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಎರಡೂವರೆಗೆ ಸರಿಯಾಗಿ, ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ, ಹೊಸ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಡಲು ಸಿದ್ಧವಾಗಿದ್ದ ಅಕ್ಕನ ಕೈಗೆ, ಎರಡನೇ ಮಹಡಿಯ ಕಿಟಕಿ ಪಕ್ಕದ ಮಂಚಕ್ಕೆ ಉಪ್ಪಿಲ್ಲದ ಗಂಜಿ ಕಳಿಸಬೇಕೆಂಬ ಚೀಟಿ ಬಂತಂತೆ. ಚೀಟಿಯಲ್ಲಿ ತಮ್ಮನ ಹೆಸರು ನೋಡಿ ಆ ಗಂಜಿಯನ್ನು ತಾನೇ ತಂದಳು. ನನ್ನನ್ನು ನೋಡಿದಳು, ಸಲೈನ್ ನೋಡಿದಳು, ದಿಂಬಿನ ಪಕ್ಕದ ಟಿಪ್ಪಣಿ ಪುಸ್ತಕ ತೆಗೆದು ಒಂಬತ್ತು ಊಟದ ಲೆಕ್ಕವನ್ನು ಪುಟ ತಿರುವಿ ಓದಿದಳು. ಬೈಯಲಿಲ್ಲ. ‘ನನಗೋಸ್ಕರ ಇಷ್ಟೆಲ್ಲಾ ತಿಂದ್ಯಾ, ದಡ್ಡ ಮುಂಡೇದೇ’ ಎಂದಳು, ಚಮಚ ನನ್ನ ಬಾಯಿಗಿಟ್ಟಳು. ಉಪ್ಪಿಲ್ಲದ ಆ ಗಂಜಿಯ ರುಚಿ ಏನೆಂದು ನನ್ನನ್ನು ಕೇಳಬೇಡಿ. ನನ್ನ ಕಣ್ಣೀರು ಬಾಯಿಯವರೆಗೆ ಇಳಿದಿತ್ತು, ಆದ್ದರಿಂದ ಉಪ್ಪಿನ ವಿಚಾರದಲ್ಲಿ ನಿಖರವಾಗಿ ಏನೂ ಹೇಳಲಾರೆ. ‘ಅಕ್ಕಾ, ಅವತ್ತು ತಪ್ಪಾಯ್ತು’ ಎಂದೆ. ಒಂದೇ ಸಲ ಹೇಳಿದೆ, ಅಷ್ಟರಲ್ಲಿ ಅವಳು ಮುಂದಿನ ಚಮಚ ಬಾಯಿಗಿಟ್ಟಳು.

ಆದರೆ ಅವಳು ಕೇಳಿದ್ದ ಊಟ ಬಾಕಿಯಿತ್ತಲ್ಲ. ಅವಳದೇ ಅಡುಗೆಮನೆಯಿಂದ ಸಿಬ್ಬಂದಿಯ ಊಟ ತರಿಸಿದೆ. ಅವಳನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಬಲವಂತವಾಗಿ ಕೂರಿಸಿ, ಸೂಜಿ ಚುಚ್ಚಿದ ಕೈಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಬಡಿಸಿದೆ. ಅನ್ನ ಅರ್ಧ ತಟ್ಟೆಗೆ, ಅರ್ಧ ಹೊದಿಕೆಗೆ ಬಿತ್ತು. ಅಕ್ಕ ನಿಧಾನವಾಗಿ ಪೂರ್ತಿ ಉಂಡಳು, ಕೈ ತೊಳೆದು ಬಂದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದಳು: ‘ಬಡಿಸಿದ್ದಕ್ಕೆ ಐದಕ್ಕೆ ಮೂರೂವರೆ.’ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ನಕ್ಕೆವು. ಅವಳು ನಕ್ಕದ್ದು ನಾಲ್ಕು ವರ್ಷದ ಮೇಲೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ನನ್ನ ಬಿರುದನ್ನು ವಾಪಸು ಪಡೆದು, ನನ್ನ ನಾಲಿಗೆಗೆ ಒಂದು ಮುದ್ರೆ ಹಾಕಿ ಕಳಿಸಬೇಕು. ಹೋಟೆಲುಗಳ ಪಟ್ಟಿಯಲ್ಲಿ, ಎದುರಿಗೆ ಯಾರು ಕೂತಿರುತ್ತಾರೆಂಬುದಕ್ಕೂ ಒಂದು ನಕ್ಷತ್ರ ಸೇರಿಸಬೇಕು. ಸಾಧ್ಯವಾದರೆ, ಯಾರದಾದರೂ ಮನೆಯಲ್ಲಿ ನಾನು ತಟ್ಟೆಯ ಮುಂದೆ ಕೂತ ಕೂಡಲೇ ‘ಬಾಯಿ ಮುಚ್ಚಿಕೊಂಡು ಉಣ್ಣು’ ಎಂದು ತಾವೇ ಜೋರಾಗಿ ಕೂಗುವ ವ್ಯವಸ್ಥೆಯೊಂದನ್ನು ಕಲ್ಪಿಸಿಕೊಡಬೇಕು.

ಸದ್ಯಕ್ಕೆ ಗಂಜಿಯಷ್ಟೇ ಗತಿಯಾಗಿರುವ,
ತಮ್ಮ ವಿಶ್ವಾಸಿ
(ಈಗಲೂ ತಮ್ಮನ್ನು ಫೋನಿನಿಂದ ಅಳಿಸದೇ ಇರುವಷ್ಟು ವಿಶ್ವಾಸಿ)

ವಿ.ಸೂ: ಆ ನಾಲ್ಕು ಪಾಯಿಂಟ್ ಎಂಟರ ಹೋಟೆಲಿಗೆ ಕಣ್ಣು ಮುಚ್ಚಿ ಹೋಗಬಹುದೆಂದು ಬರೆದ ಸುವರ್ಣ ವಿಮರ್ಶಕನ ಮೇಲೆ ಕ್ರಮ ಜರುಗಿಸಬೇಕೆಂದು ಇಲ್ಲೊಂದು ಖಾರವಾದ ಪ್ಯಾರಾ ಬರೆದಿದ್ದೆ. ಅಕ್ಕ ನನ್ನ ಫೋನು ತೆಗೆದುಕೊಂಡು, ತಾವು ಎರಡೇ ಸಾಲಿಗೆ ಮಡಚಿಟ್ಟಿದ್ದ ಆ ವಿಮರ್ಶೆಯನ್ನು ಬಿಡಿಸಿ, ಕೆಳಗಿದ್ದ ಹೆಸರನ್ನು ಗಟ್ಟಿಯಾಗಿ ಓದಿದಳು: ‘ಸತ್ಯದ ನಾಲಿಗೆ’. ನನ್ನ ನೂರನೆಯದು. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಆ ಹೋಟೆಲಿನ ಒಳಗೆ ಕಾಲಿಡದೆ, ಬರಿ ಬೋರ್ಡು ನೋಡಿಕೊಂಡೇ ಬರೆದದ್ದು. ಆದ್ದರಿಂದ ಆ ಪ್ಯಾರಾವನ್ನು ಹೊಡೆದುಹಾಕಿದ್ದೇನೆ. ಕ್ರಮವನ್ನು ಮೀನು ಈಗಾಗಲೇ ಜರುಗಿಸಿದೆ.