ದೊಡ್ಡಮ್ಮನಿಗೆ ಥ್ಯಾಂಕ್ಸ್ ಹೇಳಿದವನು

ನಮ್ಮ ಕಡೆ ಮನೆಯವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಕೃತಜ್ಞತೆ ಇಲ್ಲವೆಂದಲ್ಲ; ಇದೆ, ಹೊಟ್ಟೆಯೊಳಗೆ, ಮುದ್ದೆಯ ಪಕ್ಕದಲ್ಲೇ ಇದೆ. ಅದನ್ನು ಬಾಯಿಗೆ ತರುವ ಪದ್ಧತಿ ಇಲ್ಲ, ಅಷ್ಟೆ. ಹುಟ್ಟಿದಾಗಿನಿಂದ ಅನ್ನ ಹಾಕುತ್ತಿರುವ ಅವ್ವನಿಗೆ ನಾನೊಂದು ದಿನ ‘ಬಹಳ ಉಪಕಾರವಾಯಿತು’ ಎಂದರೆ ಆಕೆ ಮೊದಲು ಹಣೆ ಮುಟ್ಟಿ ಜ್ವರ ನೋಡುತ್ತಾಳೆ, ಆಮೇಲೆ ದೃಷ್ಟಿ ತೆಗೆಯುತ್ತಾಳೆ.

ಇದು ಲೋಕದ ಪದ್ಧತಿ ಅಲ್ಲವೆಂದು ನನಗೆ ತಿಳಿದದ್ದು ಡ್ಯಾನಿ ನಮ್ಮ ಕಣಕಟ್ಟೆಗೆ ಬಂದ ವಾರದಲ್ಲಿ. ಡ್ಯಾನಿ ಪರದೇಶದ ಹುಡುಗ, ನನ್ನದೇ ವಯಸ್ಸು, ಕ್ರಿಸ್ತನ ಸೇವೆಗೆಂದು ಸಮುದ್ರ ದಾಟಿ ಬಂದ ಮಿಷನರಿ. ಅರಸೀಕೆರೆಯ ಪಾದ್ರಿಗಳು ತೆಂಗಿನಕಾಯಿ ವ್ಯಾಪಾರದಲ್ಲಿ ನಮ್ಮ ದೊಡ್ಡಪ್ಪನಿಗೆ ಸ್ನೇಹಿತರು. “ಒಂದು ವಾರ ನಿಮ್ಮ ಮನೇಲಿರ್ಲಿ ಗೌಡ್ರೇ, ಶಾಲೆ ಗೋಡೆಗೆ ಸುಣ್ಣ ಬಳೀತಾನೆ, ಬಾವಿ ಹೂಳು ತೆಗೀತಾನೆ” ಎಂದು ಅವರು ಕೇಳಿದ್ದರು. ದೊಡ್ಡಪ್ಪ ಒಪ್ಪಿದರು. ದುಭಾಷಿಯಾಗಿ ನನ್ನನ್ನು ನೇಮಿಸಿ, ವಾರವೆಲ್ಲ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಬಿ.ಎ. ಇಂಗ್ಲಿಷ್ ಪರೀಕ್ಷೆಯನ್ನು ನನ್ನಷ್ಟು ಸಲ ಬರೆದವರು ನಮ್ಮ ವಂಶದಲ್ಲೇ ಇರಲಿಲ್ಲ. ಅನುಭವ ಅಂದರೆ ಅದೇ ತಾನೆ?

ಮೊದಲ ಊಟಕ್ಕೇ ಎಡವಟ್ಟಾಯಿತು. ದೊಡ್ಡಮ್ಮ ಮುದ್ದೆ ಬಡಿಸಿದ ತಕ್ಷಣ ಡ್ಯಾನಿ ಕೈಜೋಡಿಸಿ ಕಣ್ಣು ಮುಚ್ಚಿದ.

“ಏನ್ಲಾ ಇದು? ಮುದ್ದೆ ನೋಡಿ ಹೆದ್ರುಕೊಂಡ್ನಾ?”

“ಇಲ್ಲ ದೊಡ್ಡಮ್ಮ, ಊಟ ಕೊಟ್ಟಿದ್ದಕ್ಕೆ ದೇವ್ರಿಗೆ ಉಪಕಾರ ಹೇಳ್ತಾವ್ನೆ.”

ದೊಡ್ಡಮ್ಮನಿಗೆ ಅದು ಹಿಡಿಸಿತು. ಆದರೆ ಕಣ್ಣು ಬಿಟ್ಟವನು ಸಾರಿಗೊಂದು, ನೀರಿಗೊಂದು, ಉಪ್ಪಿಗೊಂದು ಥ್ಯಾಂಕ್ಸ್ ಹೇಳಲು ಶುರುಮಾಡಿದ. ಅರ್ಥ ಕೇಳಿದ ದೊಡ್ಡಮ್ಮನ ಮುಖ ಸಣ್ಣದಾಯಿತು. “ದೇವ್ರಿಗೆ ಹೇಳಾಯ್ತಲ್ಲ, ನಂಗ್ಯಾಕೆ ಬೇರೆ? ನಾನೇನು ಹೊರಗಿನೋಳಾ?”

ನಾನು ಇದನ್ನು ಭಾಷಾಂತರಿಸಬೇಕಿತ್ತು. ‘ಹೊರಗಿನೋಳು’ ಅನ್ನುವುದಕ್ಕೆ ನನಗೆ ಹೊಳೆದದ್ದು ‘ಔಟ್‌ಸೈಡ್’ ಒಂದೇ. “ದೊಡ್ಡಮ್ಮ ಔಟ್‌ಸೈಡ್” ಎಂದೆ. ಹೊರಗೆ ನಡೆ ಎಂಬ ಅಪ್ಪಣೆಯೆಂದು ತಿಳಿದ ಡ್ಯಾನಿ ತಲೆಯಾಡಿಸಿ, ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ನಡೆದ. ಅಲ್ಲಿ ಬೂದಿ, ತೆಂಗಿನ ನಾರು ಕಂಡವು. ಕೂತು ತಟ್ಟೆ ತೊಳೆಯತೊಡಗಿದ. ಸೇವೆ ಮಾಡಲೆಂದೇ ಬಂದವನು, ಬಿಡುತ್ತಾನೆಯೇ? ದೊಡ್ಡಪ್ಪನ ತಟ್ಟೆಯನ್ನೂ ತೊಳೆದ.

ಬೇಲಿಯಾಚೆ ಪಕ್ಕದ ಮನೆ ಗೌರಕ್ಕ ನಿಂತಿದ್ದಳು. ನಮ್ಮೂರಿಗೆ ರೇಡಿಯೋ ಬೇಕಿರಲಿಲ್ಲ, ಗೌರಕ್ಕ ಸಾಕಾಗಿತ್ತು. “ಏನಕ್ಕಾ, ನೆಂಟ್ರ ಕೈಲೇ ಮುಸುರೆ ತಿಕ್ಕುಸ್ತಿದೀಯಾ? ನಾಳೆಯಿಂದ ನಮ್ಮನೆಗೆ ಕಳ್ಸು, ಪಾಪ ಮಗಾ ಕೂತ್ಕೊಂಡು ಉಣ್ಲಿ!”

ಸಂಜೆಯೊಳಗೆ ಸುದ್ದಿ ಊರು ಸುತ್ತಿತು. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಕಣ್ಣು ಕೆಂಪಾಗಿತ್ತು, ಈರುಳ್ಳಿ ಎಲ್ಲೂ ಕಾಣಲಿಲ್ಲ. “ವಾರ ಮುಗಿಯಾದ್ರೊಳಗೆ ಆ ಹುಡುಗ ನಮ್ಮನೆ ಮಗನಂಗೆ ಉಣ್ಬೇಕು ಕಣ್ಲಾ. ಇಲ್ಲಾಂದ್ರೆ ನಾನು ತಲೆ ಎತ್ಕೊಂಡು ನೀರಿಗೆ ಹೋಗಂಗಿಲ್ಲ. ಅದೇನು ಇಂಗ್ಲೀಸ್ ಐತೋ ಎಲ್ಲಾ ತೆಗ್ದು ಹೇಳು.”

ಇದ್ದ ಇಂಗ್ಲಿಷನ್ನೆಲ್ಲ ತೆಗೆದು ಹೇಳಿದೆ: “ನೋ ಥ್ಯಾಂಕ್ಸ್. ನೋ ವಾಷಿಂಗ್. ಆಸ್ಕ್ ಮೋರ್.” ಅಂದರೆ ನಮ್ಮಲ್ಲಿ ಉಪಕಾರ ಹೇಳಬಾರದು, ಇನ್ನಷ್ಟು ಹಾಕಿ ಎಂದು ಕೇಳಬೇಕು; ಬಡಿಸುವವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ‘ದೊಡ್ಡಮ್ಮ, ಇನ್ನೊಂದು ಮುದ್ದೆ’ ಎಂದು ಬಾಯಿಪಾಠ ಮಾಡಿಸಿದೆ. ಅವನು ಭಕ್ತಿಯಿಂದ ಕಲಿತ. ಆದರೆ ದೊಡ್ಡಮ್ಮನ ಎದುರು ಕೂತಾಗ ನಾಚಿಕೆಯಿಂದ ಕೆಂಪಾಗಿ, ಮಾತು ಮರೆತು, ‘ಥ್ಯಾಂಕ್ಸ್’ ಎಂದುಬಿಡುತ್ತಿದ್ದ. ದೊಡ್ಡಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ನಡುವೆ ಒಂದು ದಿನ ಅವನನ್ನು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರಿಗೂ ಥ್ಯಾಂಕ್ಸ್ ಹೇಳಿದ. ಆತ ಅನುಮಾನದಿಂದ ನೋಡಿ, “ಏನ್ ಹೇಳುದ್ರೂ ಸೀಟಿಲ್ಲ ಸ್ವಾಮಿ” ಅಂದ. ದೇವಸ್ಥಾನಗಳಲ್ಲಿ ನಾನೇ ಗೈಡು. ಹೆಣ್ಣು ವಿಗ್ರಹ ಕಂಡಲ್ಲೆಲ್ಲ ‘ಡ್ಯಾನ್ಸಿಂಗ್ ಲೇಡಿ’, ಗಂಡು ವಿಗ್ರಹ ಕಂಡಲ್ಲೆಲ್ಲ ‘ಕಿಂಗ್’, ಆನೆ ಕಂಡಲ್ಲಿ ಏನೂ ಹೇಳಲಿಲ್ಲ, ಅವನಿಗೇ ಗೊತ್ತಾಗುತ್ತಿತ್ತು. ಹೊಯ್ಸಳರ ಇತಿಹಾಸ ಅರ್ಧ ಗಂಟೆಯಲ್ಲಿ ಮುಗಿಯಿತು. ಉಳಿದ ಹೊತ್ತೆಲ್ಲ ಮೆಟ್ಟಿಲ ಮೇಲೆ ಕೂತು ಮುದ್ದೆಯ ಪಾಠ ಮಾಡಿದೆವು; ‘ಹೊರಗಿನೋಳಾ’ ಎಂದು ದೊಡ್ಡಮ್ಮ ಮುನಿದದ್ದರ ಅರ್ಥವನ್ನೂ ಬಿಡಿಸಿ ಹೇಳಿದೆ.

ಕೊನೆಯ ದಿನ ಬಂತು. ಶಾಲೆಯ ಗೋಡೆ ಬೆಳ್ಳಗಾಗಿತ್ತು, ಡ್ಯಾನಿಯೂ ಸುಣ್ಣ ಮೆತ್ತಿ ಮೊದಲಿಗಿಂತ ಬೆಳ್ಳಗಾಗಿದ್ದ, ಬಾವಿಯಲ್ಲಿ ನೀರು ತಿಳಿಯಾಗಿತ್ತು. ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿ ಊಟ. ಹೆಂಗಸರು ಅವರವರ ಮನೆಯಿಂದ ಅಡುಗೆ ತಂದು ಬಡಿಸುತ್ತಿದ್ದರು. ಗೌರಕ್ಕ ಒಬ್ಬಟ್ಟು ಮಾಡಿದ್ದಳು, ಮೇಲೆ ತುಪ್ಪದ ಕೆರೆ. ಒಂದು ಹಾಕಿದಳು, ಡ್ಯಾನಿ ತಿಂದ. “ಥ್ಯಾಂಕ್ಸ್” ಅಂದ. ಗೌರಕ್ಕ ಗೆದ್ದವಳಂತೆ ದೊಡ್ಡಮ್ಮನ ಕಡೆ ನೋಡಿ ಎರಡನೆಯದನ್ನು ಎತ್ತಿದಳು. ದೊಡ್ಡಮ್ಮ ಮುದ್ದೆಯ ಪಾತ್ರೆ ಹಿಡಿದು ಸಾಲಿನ ಆ ತುದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ಡ್ಯಾನಿ ಎಲೆಗೆ ಅಡ್ಡ ಕೈ ಹಿಡಿದ. ಅಂಗಳ ಬೆಚ್ಚಿಬೀಳುವಂತೆ ಕೂಗಿದ: “ದೊಡ್ಡಮ್ಮಾ! ಇನ್ನೊಂದು ಮುದ್ದೇ!”

“ಬಂದೆ ಮಗಾ!” ಆ ವಯಸ್ಸಿನಲ್ಲಿ ದೊಡ್ಡಮ್ಮ ಓಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಬಡಿಸುತ್ತಾ ಗೌರಕ್ಕನಿಗೆ ಮಾತ್ರವಲ್ಲ, ಪಕ್ಕದ ಊರಿಗೂ ಕೇಳುವಂತೆ, “ಬ್ಯಾಸರ ಮಾಡ್ಕೋಬ್ಯಾಡ ಕಣೇ ಗೌರೀ, ನಮ್ಮುಡುಗಂಗೆ ಬ್ಯಾರೆ ಕೈ ಊಟ ಹಿಡಿಯಾಕಿಲ್ಲ” ಅಂದಳು.

ಮರುದಿನ ಅರಸೀಕೆರೆ ಸ್ಟೇಷನ್ನಿನಲ್ಲಿ, ರೈಲು ಅಲುಗಾಡಿದಾಗ, ನಾನು “ಥ್ಯಾಂಕ್ಯೂ ಡ್ಯಾನಿ” ಎಂದೆ. ಅವನು ಕಿಟಕಿಯಲ್ಲಿ ಥೇಟ್ ದೊಡ್ಡಮ್ಮನಂತೆ ಮುಖ ಸಣ್ಣದು ಮಾಡಿ ಕೇಳಿದ: “ಯಾಕ್ಲಾ? ನಾನೇನು ಹೊರಗಿನೋನಾ?”

ನಮ್ಮ ಮನೆಗೆ ಬಂದು ಊಟಕ್ಕೆ ಕೂತೆ. ವಾರದ ಅಭ್ಯಾಸ, ಅವ್ವ ಸಾರು ಬಿಟ್ಟಾಗ “ಥ್ಯಾಂಕ್ಸ್” ಎಂದುಬಿಟ್ಟೆ. ಅವ್ವ ಹಣೆ ಮುಟ್ಟಲು ಬಂದಳು. ಗಾಬರಿಯಾಗಿ, “ಇನ್ನೊಂದು ಮುದ್ದೆ ಹಾಕವ್ವಾ” ಎಂದು ತಿದ್ದಿಕೊಂಡೆ.

“ಮುದ್ದೆ ಆಗೋಯ್ತು. ಎದ್ದು ತಟ್ಟೆ ತೊಳ್ಕೋ” ಅಂದಳು ಅವ್ವ. “ಆ ಪರದೇಶದ ಹುಡುಗ ಬಂದ ದಿನಾನೇ ತೊಳೆದ್ನಂತೆ. ನೀನು ಈ ಮನೇಲಿ ಹುಟ್ಟಿ ಎಷ್ಟ್ ವರ್ಸ ಆಯ್ತು?”