ರೈಟರ್ ಬೇಕಾಗಿದ್ದಾರೆ

ಇಂಗ್ಲಿಷ್ ಪದಗಳು ಕೊಡಗಿನ ಘಾಟಿ ಹತ್ತಿದ ಕೂಡಲೇ ಅರ್ಥ ಬದಲಿಸಿಬಿಡುತ್ತವೆ ಎಂಬುದು ನನ್ನ ಬಲವಾದ ನಂಬಿಕೆ. ಬೇರೆ ಊರಿನಲ್ಲಿ ಲೈನ್ ಎಂದರೆ ಗೆರೆ. ಇಲ್ಲಿ ತೋಟದ ಆಳುಗಳ ಸಾಲುಮನೆ. ಬೇರೆ ಊರಿನಲ್ಲಿ ರೈಟರ್ ಎಂದರೆ ಕಥೆ, ಕಾದಂಬರಿ ಬರೆಯುವವರು; ಇಲ್ಲಿ ಆಳುಗಳ ಹಾಜರಿ ಹಾಕಿ, ಕೆಲಸ ಮಾಡಿಸಿ, ಸಂಜೆ ಕಾಫಿ ಹಣ್ಣು ತೂಗಿಸುವವರು. ಮಾದಾಪುರದಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಹೊಗಳಿಕೆ ಕಿವಿಗೆ ಬಿದ್ದಾಗ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತದೆ.

ನಾಲ್ಕಾರು ಕಥೆಗಳು ವಾರಪತ್ರಿಕೆಗಳಲ್ಲಿ ಅಚ್ಚಾಗಿದ್ದರೂ ನನ್ನನ್ನು ಲೇಖಕಿ ಎಂದು ಕರೆದವರು ಯಾರೂ ಇಲ್ಲ. ನಮ್ಮ ಯಜಮಾನರಂತೂ, "ನಿನ್ನ ಗೀಚಾಟ ಮುಗಿದಿದ್ರೆ ಒಂದು ಲೋಟ ಕಾಫಿ ಕೊಡು" ಎನ್ನುತ್ತಾರೆ. ಅವರ ಬಾಯಿಂದ ಒಮ್ಮೆಯಾದರೂ ಆ ಮಾತು ಕೇಳಬೇಕೆಂಬುದು ನನ್ನ ಬಹುಕಾಲದ ಆಸೆ.

ಹೀಗಿರುವಾಗ ಒಂದು ಫೋನು ಬಂತು. "ನೀವು ರೈಟರ್ ಅಂತ ನಿಮ್ಮ ಮೈದುನ ಹೇಳಿದ್ರು. ನೆಲ್ಯಹುದಿಕೇರಿ ಹತ್ರ ನಮ್ಮ ಎಸ್ಟೇಟು. ಹೆಂಗಸರಾದ್ರೂ ಅಡ್ಡಿಯಿಲ್ಲ, ಒಂದ್ಸಲ ಬನ್ನಿ, ಮಾತಾಡುವ." ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸನ್ಮಾನವೇ ಇರಬೇಕು. ಹೊದಿಸುವ ಶಾಲು ಯಾವ ಬಣ್ಣದ್ದೋ, ಏನೋ. ಯಾವುದಕ್ಕೂ ಹೊಂದಲಿ ಎಂದು ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟೆ. ಯಜಮಾನರೂ ಅಂದು ಯಾಕೋ ಬಹಳ ಉತ್ಸಾಹದಿಂದ ಬಂದು ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಸನ್ಮಾನಕ್ಕೆ ಉತ್ತರವಾಗಿ ಆಡಬೇಕಾದ ಮಾತುಗಳನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದಾಕೆ ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದಳು.

ತೋಟದ ಮಾಲೀಕರು ವರಾಂಡದಲ್ಲಿ ಕೂರಿಸಿ, ನನ್ನ ಸೀರೆಯನ್ನು ಸ್ವಲ್ಪ ಅನುಮಾನದಿಂದ ನೋಡಿ, "ಪಿಕ್ಕಿಂಗ್ ವಿಷಯದಲ್ಲಿ ನೀವು ಹೇಗೆ?" ಎಂದರು. ಪದಗಳ ಆಯ್ಕೆಯ ಬಗ್ಗೆ ಕೇಳುವ ರಸಿಕರೊಬ್ಬರು ಸಿಕ್ಕರಲ್ಲ ಎಂದು ಪುಳಕಗೊಂಡು, "ಹಣ್ಣಾದದ್ದನ್ನೇ ಆರಿಸೋದು ಸಾರ್. ಹಸೀದು ಒಂದೂ ಸೇರಬಾರದು" ಎಂದೆ. ಅವರ ಮುಖ ಅರಳಿತು.

"ಕಳೆ ಬೆಳೆದ್ರೆ?"

"ದಾಕ್ಷಿಣ್ಯವೇ ಇಲ್ಲ, ಕಿತ್ತು ಬಿಸಾಕ್ತೀನಿ."

"ಲೈನಲ್ಲಿ ಏನಾದ್ರೂ ತೊಂದ್ರೆ ಕಂಡ್ರೆ?"

"ಆ ಲೈನನ್ನೇ ಹೊಡೆದುಹಾಕ್ತೀನಿ."

ಮಾಲೀಕರ ಕೈಯಲ್ಲಿದ್ದ ಲೋಟ ಬಾಯಿಯವರೆಗೆ ಹೋಗಲಿಲ್ಲ. "ಅಲ್ಲಿ ಹೆಂಗಸರು ಮಕ್ಕಳೆಲ್ಲ ಇದ್ದಾರಲ್ಲಮ್ಮ" ಎಂದರು.

ಆಗ ನನಗೆ ಹೊಳೆಯಿತು. ನಾನು ಕಥೆ ಬರೆಯುವ ರೈಟರ್ ಎಂದು ತಡವರಿಸುತ್ತ ಹೇಳಿದೆ. ಅವರು ನಗಲೂ ಇಲ್ಲ. "ಹಳೇ ರೈಟರೂ ದಿನಾ ಒಂದೊಂದು ಕಥೆ ಕಟ್ತಿದ್ದ. ಅದಕ್ಕೇ ಬಿಡಿಸಿದ್ದು" ಎಂದು ನಿಟ್ಟುಸಿರಿಟ್ಟು, ಕಾಫಿ ಕುಡಿಸಿ ಕಳಿಸಿದರು.

ಮನೆ ತಲುಪಿದಾಗ ಯಜಮಾನರು ಗೇಟಿನ ಬಳಿ ನಿಂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ನಮ್ಮವಳು ರೈಟರ್ ಅಲ್ವಾ, ದೊಡ್ಡ ಎಸ್ಟೇಟಿಂದಲೇ ಕರೆ ಬಂದಿತ್ತು." ಇಷ್ಟು ವರ್ಷ ಕಾದಿದ್ದ ಮಾತು. ನಾಚಿಕೆ, ಬಸ್ಸಿನ ಸುಸ್ತು ಎಲ್ಲ ಮರೆತು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ನನ್ನನ್ನು ಕಂಡು ಓಡಿ ಬಂದರು.

"ಏನಂದ್ರು? ಕೆಲಸಕ್ಕೆ ಯಾವತ್ತಿಂದ ಹೋಗ್ಬೇಕು? ಕ್ವಾರ್ಟರ್ಸ್ ಕೊಡ್ತಾರಂತಾ?"

ಅಂದು ಸಂಜೆ ಅವರಿಗೆ ಕಾಫಿ ಸಿಗಲಿಲ್ಲ. ನಾನು ಇದನ್ನು ಗೀಚುತ್ತ ಕೂತಿದ್ದೆ.