ಎಲ್ಲರೂ ಒಪ್ಪುವ ಕಾರಣ

ಮೇಷ್ಟರಾದವನು ಪಾಠವನ್ನು ತರಗತಿಯಲ್ಲೇ ಬಿಟ್ಟು ಬರಬೇಕು. ಮನೆಗೆ ತಂದರೆ ಮನೆಯವರು ಉಪವಾಸ ಬೀಳುತ್ತಾರೆ. ಇದು ಗಾದೆಯಲ್ಲ, ನಮ್ಮ ಮನೆಯ ಸ್ಥಿತಿ. ನಾನು ಅಫಜಲಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಹಲವು ನಂಬಿಕೆಯ ಜನ ಕೂಡಿ ಬಾಳುವ ಪ್ರಜಾಪ್ರಭುತ್ವದಲ್ಲಿ, ಹತ್ತು ಜನರಿಗೆ ಸಂಬಂಧಿಸಿದ ವಿಷಯಕ್ಕೆ ಅವರವರ ದೇವರನ್ನು ಸಾಕ್ಷಿಗೆ ಕರೆಯಬಾರದು, ಎಲ್ಲರೂ ಒಪ್ಪಬಹುದಾದ ಕಾರಣವನ್ನೇ ಕೊಡಬೇಕು ಎಂದು ವರ್ಷಾವರ್ಷ ಹೇಳುತ್ತೇನೆ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ನಮ್ಮ ಓಣಿಗೆಲ್ಲ ಒಂದೇ ನಲ್ಲಿ. ಭೀಮಾ ನದಿ ಹತ್ತಿರದಲ್ಲೇ ಹರಿದರೂ ನೀರು ಬರುವುದು ಅದಕ್ಕೆ ಮನಸ್ಸಾದಾಗ. ಅಷ್ಟರಲ್ಲಿ ಮನೆಯ ಕೊಡಗಳೆಲ್ಲ ಬರಿದಾಗಿರುತ್ತವೆ. ನನ್ನ ಅವ್ವನೋ, ಸ್ನಾನ, ಲಿಂಗಪೂಜೆ ಆಗದೆ ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಅದಕ್ಕೇ ಪಕ್ಕದ ಮನೆಯ ಖಾಜಾಬೀ ತನ್ನ ಕೊಡ ಸರಿಸಿ, "ಅವ್ವಂದು ಪೂಜಾ ಆಗಬೇಕಲ್ರೀ ಸರ್, ಮೊದಲ ನೀವು ತುಂಬ್ಕೋರಿ" ಎನ್ನುತ್ತಿದ್ದಳು. ಶುಕ್ರವಾರ ನಮಾಜಿಗೆ ಮುಂಚೆ ನಾವು ಅವಳಿಗೆ ಜಾಗ ಬಿಡುತ್ತಿದ್ದೆವು. ಒಂದು ದಿನ ಕಿರಾಣಿ ಅಂಗಡಿಯ ಶಿವಶರಣಪ್ಪ, "ನಮ್ಮ ಮನ್ಯಾಗೇನು ದೇವ್ರ ಇಲ್ಲೇನ್ರಿ?" ಎಂದು ಬಕೆಟ್ ಕುಕ್ಕಿದ. ಜಗಳ ಹತ್ತಿತು. ನನ್ನೊಳಗಿನ ಮೇಷ್ಟರು ಎದ್ದು ನಿಂತರು. ಓಣಿಯವರನ್ನು ಕೂಡಿಸಿ, "ಇನ್ನ ಮ್ಯಾಲ ನಲ್ಲಿ ಹತ್ರ ಪೂಜಾ, ನಮಾಜ್ ಯಾವ್ದೂ ಹೇಳಂಗಿಲ್ರಿ. ಮೊದಲ ನೀರ ಬೇಕಂದ್ರ ಎಲ್ಲಾರೂ ಒಪ್ಪೋ ಕಾರಣ ಹೇಳ್ರಿ" ಎಂದೆ. ಚಪ್ಪಾಳೆ ಬಿತ್ತು. ಹಾಳು ಚಪ್ಪಾಳೆ.

ಅಂದಿನಿಂದ ಓಣಿಯಲ್ಲಿ ಯಾರಿಗೂ ದೇವರಿಲ್ಲ, ಎಲ್ಲರಿಗೂ ಆರೋಗ್ಯದ್ದೇ ಚಿಂತೆ. ಶಿವಶರಣಪ್ಪ ಮೋಟಾರ್‌ಸೈಕಲ್ ತೊಳೆಯುವುದೂ "ಸಾರ್ವಜನಿಕ ನೈರ್ಮಲ್ಯದ ಸಲುವಾಗಿರಿ". ಮೊದಲು ಜನ ಮನಸ್ಸಿನೊಳಗಿನ ಕಾರಣ ಹೇಳುತ್ತಿದ್ದರು, ಕೇಳಿಸಿಕೊಂಡವರು ಕರಗುತ್ತಿದ್ದರು. ಈಗ ಎಲ್ಲರೂ ಒಪ್ಪುವ ಕಾರಣವನ್ನೇ ಹೇಳುತ್ತಾರೆ, ಯಾರೂ ಒಪ್ಪುವುದಿಲ್ಲ. ಇಷ್ಟು ವರ್ಷ ನಾನು ಕಲಿಸಿದ್ದು ಇದನ್ನೇ ಏನು ಎಂದು ದಿಗಿಲಾಗುತ್ತದೆ.

ಮೊನ್ನೆ ಮಧ್ಯಾಹ್ನವಾದರೂ ನಮ್ಮ ಸರದಿ ಬರಲಿಲ್ಲ. ಅವ್ವ ಒಣಗಿದ ಬಾಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನೋಡಲಾಗದೆ ನಲ್ಲಿಗೆ ಹೋಗಿ, "ಹಿರಿಯ ನಾಗರಿಕರ ಆರೋಗ್ಯದ ದೃಷ್ಟಿಯಿಂದ" ಎಂದು ಶುರುಮಾಡಿದೆ.

"ಎಲ್ಲಾರ ಮನ್ಯಾಗೂ ಮುದುಕರ ಅದಾರ್ರಿ ಸರ್" ಎಂದ ಶಿವಶರಣಪ್ಪ.

ಪೂಜೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅಷ್ಟರಲ್ಲಿ ಅವ್ವನೇ ಹೊಸ್ತಿಲಿಗೆ ಬಂದು ಕೂಗಿದಳು: "ಖಾಜಾಬೀ, ನಂದಿನ್ನಾ ಪೂಜಾ ಆಗಿಲ್ಲ ಬೇ. ಗಂಟಲ ಒಣಗಾಕತ್ತದ."

ಖಾಜಾಬೀ ತನ್ನ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದು ನಮ್ಮ ಬಚ್ಚಲಲ್ಲಿ ಇಳಿಸಿದಳು. "ರೂಲ್ ಮುರದಂಗಾತಲ್ರೀ ಸರ್" ಎಂದು ಶಿವಶರಣಪ್ಪ ನನ್ನನ್ನೇ ನೋಡಿದ. ಅವ್ವನ ಪೂಜೆ ಆಯಿತು, ಊಟವೂ ಆಯಿತು. ಕೊಡದಲ್ಲಿ ಉಳಿದ ನೀರು ಕಂಡು ನಾನೂ ಟವೆಲ್ ಹೆಗಲಿಗೆ ಹಾಕಿಕೊಂಡೆ. ಕೊಡ ಒಯ್ಯಲು ಬಂದ ಖಾಜಾಬೀ ಅಡ್ಡ ನಿಂತಳು.

"ಅದು ಅವ್ವಂದ್ರಿ. ನಿಮಗ ಬೇಕಂದ್ರ ಕಾರಣ ಹೇಳ್ರಿ, ಎಲ್ಲಾರೂ ಒಪ್ಪೋವಂಥಾದ್ದು."

ಇವತ್ತಿಗೂ ಅಂಥದ್ದೊಂದು ನನಗೆ ಹೊಳೆದಿಲ್ಲ, ಸ್ನಾನವೂ ಆಗಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಜಾತಿ, ಮತ, ಪಂಥದ ಭೇದವಿಲ್ಲದೆ ಎಲ್ಲರೂ ಒಪ್ಪುವ ಕಾರಣವೊಂದು ನನ್ನ ಮೈಯಲ್ಲೇ ತಯಾರಾಗುತ್ತಿದೆ.